ಕಂಡಕ್ಟರ್ ಕೆಂಪಸಿದ್ದಯ್ಯ ಕಟ್ಟಿದ ಶಾಪ

ನನ್ನ ಪುಸ್ತಕದ ಎಂಬತ್ತೇಳನೇ ಪುಟವನ್ನು ಯಾರಾದರೂ ಹರಿದು ಒಲೆಗೆ ಹಾಕಿದರೆ ನಾನು ಬೇಡ ಅನ್ನುವುದಿಲ್ಲ. ಬೆಂಕಿಪೊಟ್ಟಣ ನಾನೇ ಕೊಡುತ್ತೇನೆ. ಮೂವತ್ತೊಂದು ವರ್ಷ ಮದ್ದೂರು ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಸಮಾಜ ಪಾಠ ಹೇಳಿ, ಇಸವಿ ತಪ್ಪಿದ ಮಕ್ಕಳ ಕಿವಿ ಹಿಂಡಿ, ರಿಟೈರ್ ಆದಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ಊರುಗಳ ಚರಿತ್ರೆ ಬರೆಯುತ್ತೇನೆಂದು ಹೊರಟವನು ನಾನು. ನಾಲ್ಕು ವರ್ಷ ಸ್ಕೂಟರಿನಲ್ಲಿ ತಿರುಗಿದೆ. ಎರಡು ಸಲ ಬಿದ್ದೆ. ಕೆರಗೋಡಿನ ಗದ್ದೆ ಬದುವಿನಲ್ಲಿ ಬಿದ್ದಾಗ ಕನ್ನಡಕ ಹೋಯಿತು, ಬಂಡೂರಿನಲ್ಲಿ ಕುರಿಗಳ ನಡುವೆ ಬಿದ್ದಾಗ ಮರ್ಯಾದೆ ಹೋಯಿತು. ಇಷ್ಟೆಲ್ಲ ಪಾಡುಪಟ್ಟ ನನ್ನ ಕಣ್ಣಿಗೆ ಮಣ್ಣೆರಚಿದ ಮಹಾನುಭಾವನ ಹೆಸರು ಕೆಂಪಸಿದ್ದಯ್ಯ.

ಕೆಂಪಸಿದ್ದಯ್ಯನಿಗೆ ಈಗ ಎಪ್ಪತ್ತಾರು. ಊರು ತೂಬಿನಕೊಪ್ಪಲು. ಮದ್ದೂರಿನಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಹೋಗುತ್ತಿದ್ದ ಒಂದು ಖಾಸಗಿ ಬಸ್ಸಿನಲ್ಲಿ ಮೂವತ್ತೈದು ವರ್ಷ ಕಂಡಕ್ಟರ್ ಆಗಿದ್ದವನು. ಇವತ್ತಿಗೂ ಮಾತಿಗೆ ನಿಂತರೆ ಬಲಗೈ ತಾನಾಗಿ ಮೇಲೆ ಹೋಗಿ ಅಲ್ಲಿಲ್ಲದ ಕಂಬಿಯನ್ನು ಹಿಡಿದುಕೊಳ್ಳುತ್ತದೆ. ಆಳು ಕುಳ್ಳ, ದನಿ ಮಾತ್ರ ಬಸ್ಸಿನ ಮುಂದಿನ ಸೀಟಿನಿಂದ ಟಾಪಿನ ಮೇಲೆ ಕೂತವರ ತನಕ ಮುಟ್ಟುವಂಥದ್ದು.

ಅವನ ಕೆಲಸ ಟಿಕೆಟ್ ಹರಿಯುವುದು. ಅವನ ಕಸುಬು ಕತೆ ಹೇಳುವುದು. ಬಸ್ಸು ಯಾವ ಊರ ಹತ್ತಿರ ಬಂದರೂ ಆ ಊರಿನ ಇತಿಹಾಸ ಒಂದು ಅವನ ಬಾಯಲ್ಲಿ ಸಿದ್ಧ. ಈ ಕಲ್ಲಿಗೆ ಯಾವ ರಾಜ ಆನೆ ಕಟ್ಟಿದ್ದ, ಈ ಬಾವಿಯಲ್ಲಿ ಯಾವ ಪಾಳೇಗಾರನ ಕತ್ತಿ ಬಿದ್ದಿದೆ, ಈ ಊರಿನವರು ಯಾಕೆ ಪಡುವಲ ಬಾಗಿಲು ಇಡುವುದಿಲ್ಲ. ಬಂಡೂರು ಕುರಿಗೆ ಕಾಲು ಯಾಕೆ ಗಿಡ್ಡ ಎಂದು ಯಾರೋ ಕೇಳಿದ್ದಕ್ಕೆ, "ಇಂದೆ ಒಂದು ದಂಡು ಓಗ್ತಿತ್ತು. ಕುರಿಗಳು ಎದ್ರಿ ರಾಗಿ ಒಲದಲ್ಲಿ ಬಗ್ಗಿ ಕೂತ್ಕಂಡ್ವು. ದಂಡು ದಾಟಕ್ಕೆ ಮೂರು ತಿಂಗ್ಳಾಯ್ತು. ಆಮೇಕೆ ಎದ್ದು ನಿಲ್ಲೋದೇ ಮರ್ತೋದ್ವು," ಎಂದಿದ್ದನಂತೆ. ನಿಜವೇನಯ್ಯಾ ಎಂದವನಿಗೆ, "ನಂಬದಿದ್ರೆ ಇಳ್ದು ಕುರೀನೇ ಕೇಳು," ಎಂದು ಸೀಟಿ ಊದಿದ್ದನಂತೆ.

ಕತೆಯನ್ನು ಅವನು ಸ್ಟಾಪಿಗೆ ಸರಿಯಾಗಿ ಮುಗಿಸುತ್ತಿರಲಿಲ್ಲ, ಅದೇ ಅವನ ಹಿಕ್ಮತ್ತು. ನಿಮ್ಮ ಊರು ಬರುವ ಹೊತ್ತಿಗೆ ಕತ್ತಿ ಒರೆಯಿಂದ ಅರ್ಧ ಎದ್ದಿರುತ್ತಿತ್ತು. ಕೊನೆ ಕೇಳಬೇಕಾದರೆ ಮುಂದಿನ ಸ್ಟಾಪಿಗೆ ಟಿಕೆಟ್ ತಗೊಂಡು, ಕತೆ ಮುಗಿದಮೇಲೆ ಇಳಿದು ನಡೆದು ವಾಪಸು ಬರಬೇಕು. ಜನ ಹಾಗೇ ಮಾಡುತ್ತಿದ್ದರು. ದೊಡ್ಡಿ ಸ್ಕೂಲಿಗೆ ಹೋಗಿಬರುತ್ತಿದ್ದ ಕಾಲದಲ್ಲಿ ಎಷ್ಟೋ ಸಂಜೆ ನಾನೂ ಎರಡು ಮೈಲಿ ನಡೆದವನೇ. ಆಗಲೇ ಬುದ್ಧಿ ಬರಬೇಕಾಗಿತ್ತು ನನಗೆ.

ಬರಲಿಲ್ಲ. ಪುಸ್ತಕ ಬರೆಯುವಾಗ ನಾನೊಂದು ಕಟ್ಟುನಿಟ್ಟು ಮಾಡಿಕೊಂಡಿದ್ದೆ. ಒಂದು ಸಂಗತಿಯನ್ನು ಒಬ್ಬರಿಗೊಬ್ಬರು ನೆಂಟರಲ್ಲದ ಮೂರು ಮಂದಿ ಹಿರಿಯರು ಒಂದೇ ಥರ ಹೇಳಿದರೆ ಮಾತ್ರ ಬರೆದುಕೊಳ್ಳುವುದು. ಎಂಥ ಶಾಸ್ತ್ರೀಯ ಪದ್ಧತಿ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಆ ಮೂವರೂ ಒಂದೇ ಬಸ್ಸಿನಲ್ಲಿ ಓಡಾಡಿದವರು ಅನ್ನುವುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಹಾಗೆ ಬಂದು ಕೂತದ್ದು ಎಂಬತ್ತೇಳನೇ ಪುಟ. ಅದರ ಸಾರಾಂಶ ಇಷ್ಟು: ತೂಬಿನಕೊಪ್ಪಲು ಮತ್ತು ಜಾಲಿಕೆರೆ ಅಕ್ಕಪಕ್ಕದ ಊರುಗಳು, ನಡುವೆ ಒಂದು ಕೆರೆ, ಒಂದು ತೂಬು. ಮುನ್ನೂರು ವರ್ಷದ ಹಿಂದೆ ತೂಬಿನಕೊಪ್ಪಲಿನ ಹೆಣ್ಣೊಬ್ಬಳನ್ನು ಜಾಲಿಕೆರೆಗೆ ಕೊಟ್ಟರು. ಧಾರೆಯ ದಿನವೇ ಜಾಲಿಕೆರೆಯವರು ತೂಬು ಮುಚ್ಚಿ ಅವಳ ತೌರಿನ ಗದ್ದೆ ಒಣಗಿಸಿದರು. ಮದುವಣಗಿತ್ತಿ ತೂಬಿನ ಕಲ್ಲಿಗೆ ಕೈ ಬಡಿದು ಬಳೆ ಒಡೆದುಕೊಂಡು, "ಇನ್ನು ಈ ಊರಿಂದ ಆ ಊರಿಗೆ, ಆ ಊರಿಂದ ಈ ಊರಿಗೆ ಹೆಣ್ಣು ಹೋದರೆ ಆ ಮನೆಯ ಒಲೆ ಹತ್ತದಿರಲಿ," ಎಂದು ಶಪಿಸಿದಳು. ಅಂದಿನಿಂದ ಎರಡು ಊರಿಗೂ ಕೊಟ್ಟು ತರುವ ಸಂಬಂಧವಿಲ್ಲ. ಪುರಾವೆಗೆ ಫೋಟೋ ಬೇರೆ ಹಾಕಿದ್ದೆ. ಎರಡೂ ಊರಿನ ಹೊಸ ಸೊಸೆಯರು ಆ ತೂಬಿನ ಕಲ್ಲಿಗೆ ಹಸಿರು ಬಳೆ ಏರಿಸಿ ಕೈಮುಗಿಯುವ ಪದ್ಧತಿ ಇತ್ತು. ಕಲ್ಲಿನ ಕುತ್ತಿಗೆಯ ತುಂಬ ಬಳೆ. ಇಷ್ಟು ಬಳೆ ಇದ್ದಮೇಲೆ ಕತೆ ಸುಳ್ಳಾಗುತ್ತದೆಯೇ?

ಪುಸ್ತಕ ಬಿಡುಗಡೆಯ ದಿನ ಮದ್ದೂರಿನಲ್ಲಿ ಕೆಂಪಸಿದ್ದಯ್ಯನಿಗೆ ಶಾಲು ಹೊದಿಸಿದೆವು. ಅಂದಿನಿಂದ ಅವನು ಇತಿಹಾಸದ ಕೆಂಪಸಿದ್ದಯ್ಯ. ಕಾಲೇಜಿನ ಹುಡುಗರು ಬಂದು ಮೊಬೈಲ್ ಹಿಡಿದು ಮಾತಾಡಿಸುವರು. ಆ ಶಾಲನ್ನು ಅವನು ಟೀ ಕುಡಿಯಲಿಕ್ಕೂ ಹೊದ್ದುಕೊಂಡು ಹೋಗುತ್ತಿದ್ದ, ಏಪ್ರಿಲ್ ತಿಂಗಳಲ್ಲೂ.

ಅವನ ಮಗ ರಾಜೇಂದ್ರ ಸಕ್ಕರೆ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ರಾಜೇಂದ್ರನ ಮಗಳು ನಾಗಶ್ರೀ ಮಂಡ್ಯದ ಆಸ್ಪತ್ರೆಯೊಂದರಲ್ಲಿ ನರ್ಸು. ಆ ಹುಡುಗಿ ಮೆಚ್ಚಿಕೊಂಡ ಹುಡುಗ ಸಿದ್ದೇಶ್, ಬಂಡೂರು ಕಡೆ ಕುರಿಗಳಿಗೆ ಸೂಜಿ ಹಾಕುವ ಪಶು ಇಲಾಖೆಯ ಕೆಲಸದವನು. ಒಂದೇ ಜನ, ಕುಲ ಬೇರೆ, ಸಂಬಂಧಕ್ಕೆ ಯಾವ ಅಡ್ಡಿಯೂ ಇಲ್ಲ. ಹುಡುಗ ಬೀಡಿ ಸೇದುವುದಿಲ್ಲ, ಕುಡಿಯುವುದಿಲ್ಲ, ಮಾತು ಕಮ್ಮಿ. ಇಷ್ಟೆಲ್ಲ ಚೆಂದವಾಗಿದ್ದ ಹುಡುಗನಿಗೆ ಒಂದೇ ಒಂದು ಐಬು. ಅವನ ಊರು ಜಾಲಿಕೆರೆ.

ಸಿದ್ದೇಶನ ಅಪ್ಪ ಮಹದೇವಯ್ಯ ಕೆಟ್ಟವನಲ್ಲ. ಹುಡುಗಿಯನ್ನು ನೋಡಿ ಇಷ್ಟಪಟ್ಟಿದ್ದ. ಆದರೆ ಮಾತುಕತೆಗೆ ಹೋದ ರಾಜೇಂದ್ರನ ಮುಂದೆ ನನ್ನ ಪುಸ್ತಕ ತೆರೆದಿಟ್ಟ. "ನಿಮ್ಮಪ್ಪಾವ್ರೇ ಏಳಿರೋದು ಕಣಪ್ಪ ಇದು. ಇಲ್ಲಿ ನೋಡು, ಎಸರೂ ಆಕವ್ರೆ. ನಾಳೆ ನಮ್ಮನೆ ಒಲೆ ಅತ್ತಲಿಲ್ಲ ಅಂದ್ರೆ ನಿಮ್ಮಪ್ಪ ಬಂದು ಅಚ್ಕೊಡ್ತಾರಾ?" ಎಂದು ಕೇಳಿದ. ಅವರು ಕೊಟ್ಟ ಕಾಫಿ ಕುಡಿದು ರಾಜೇಂದ್ರ ಎದ್ದು ಬಂದ.

ಕೆಂಪಸಿದ್ದಯ್ಯ ಮೊದಲು ಹೆದರಲಿಲ್ಲ. ಕತೆಯಿಂದ ಆದದ್ದನ್ನು ಕತೆಯಿಂದಲೇ ಸರಿಮಾಡಿದರಾಯಿತು ಎಂದು ಶಾಲು ಹೊದ್ದು ತಾನೇ ಜಾಲಿಕೆರೆಗೆ ಹೋದ. ಆ ಶಾಪ ಏಳು ತಲೆಮಾರಿಗೆ ಮಾತ್ರ, ಏಳನೇ ತಲೆಮಾರು ಹೋದ ಯುಗಾದಿಗೇ ಮುಗಿಯಿತು, ಅಂತ ಮದುವಣಗಿತ್ತಿ ಸಾಯುವಾಗ ಹೇಳಿದ್ದಳು ಎಂದು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ. ಮಹದೇವಯ್ಯ ಪುಸ್ತಕ ತಿರುವಿ ನೋಡಿದ. ಎಂಬತ್ತೆಂಟನೇ ಪುಟವನ್ನೂ ನೋಡಿದ. "ಪುಸ್ತಕದಲ್ಲಿ ಇಲ್ವಲ್ಲ ದೊಡ್ಡಪ್ಪ," ಎಂದ.

ಮಾರನೇ ಬೆಳಿಗ್ಗೆ ಕೆಂಪಸಿದ್ದಯ್ಯ ಮದ್ದೂರಿಗೆ ಬಂದು ನನ್ನ ಮನೆಯ ಜಗಲಿ ಮೇಲೆ ಕೂತ. ಜೊತೆಗೆ ನಾಗಶ್ರೀ. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಹುಡುಗಿಯ ಕಣ್ಣು ಕೆಂಪಗಿತ್ತು.

"ಮೇಷ್ಟ್ರೇ, ಒಂದ್ ಚೀಟಿ ಪ್ರಿಂಟ್ ಆಕ್ಸಿ ಪುಸ್ತಕದೊಳಕ್ಕೆ ಅಂಟಿಸ್ಬುಡಿ," ಎಂದ ಕೆಂಪಸಿದ್ದಯ್ಯ. "ಏಳು ತಲೆಮಾರಿಗೆ ಸಾಪ ಮುಗೀತು ಅಂತ."

"ಕೆಂಪಸಿದ್ದಣ್ಣ, ಹಾಗೆಲ್ಲ ಆಗುವುದಿಲ್ಲ. ಮೂರು ಜನ ಹಿರಿಯರು ಹೇಳಬೇಕು. ಪುರಾವೆ ಬೇಕು."

"ಮೊದಲ್ನೇದಕ್ಕೇ ಇಲ್ಲ, ಎರಡ್ನೇದಕ್ಕೆ ಎಲ್ಲಿಂದ ತರನ?"

ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ನಾನು ಎದ್ದು ನಿಂತು ಏನೇನು ಬೈದೆನೋ ನನಗೇ ನೆನಪಿಲ್ಲ. ಬೀದಿಯವರೆಲ್ಲ ಹೊರಗೆ ಬಂದದ್ದು ನೆನಪಿದೆ. ನಾಲ್ಕು ವರ್ಷ, ಎರಡು ಸಲ ಬಿದ್ದದ್ದು, ಕನ್ನಡಕ, ಎಲ್ಲ ಬಂತು ಬಾಯಿಗೆ. "ಥೂ ನಿನ್ನ, ಯಾಕೆ ಕಟ್ಟಿದೆ ಅಂಥ ಕತೆ?" ಎಂದು ಕೇಳಿದೆ. ಅವನು ನೆಲ ನೋಡಿಕೊಂಡು, "ಸುಮ್ಕೆ," ಎಂದ. ಇಷ್ಟು ಚಿಕ್ಕ ಉತ್ತರ ಅವನ ಬಾಯಿಂದ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹೋಗಿ ಎರಡೂ ಊರಿನವರ ಮುಂದೆ ಹೇಳು ಹಾಗಾದರೆ, ಸುಮ್ಕೆ ಅಂತ."

"ಅದಾಗಕಿಲ್ಲ ಮೇಷ್ಟ್ರೇ. ನನ್ನ ಮಾತು ಏನಾಗ್ಬೇಕು? ಒಂದು ಸುಳ್ಳು ಅಂದ್ರೆ ಎಲ್ಲಾ ಸುಳ್ಳು ಅಂತಾರೆ. ಮೂವತ್ತೈದು ವರ್ಸ ನಿಂತ್ಕಂಡು ಸಂಪಾದ್ಸಿದ ಎಸರು."

ನಾಗಶ್ರೀ ಆಗ ಬಾಯಿ ಬಿಟ್ಟಳು. "ತಾತ, ನಾನು ಓಡಿಹೋಗಿ ರಿಜಿಸ್ಟ್ರಾರ್ ಆಫೀಸಲ್ಲಿ ಸೈನ್ ಹಾಕೋಳಲ್ಲ. ಹಂಗೆ ಹೋದ್ರೆ ನಾಳೆ ಅವರ ಮನೇಲಿ ಗ್ಯಾಸ್ ಮುಗಿದ್ರೂ ಶಾಪ ಅಂತಾರೆ, ಯಾರಿಗಾದ್ರೂ ಜ್ವರ ಬಂದ್ರೂ ಶಾಪ ಅಂತಾರೆ. ಆ ಮನೆಯೋರು ಬಾಗಿಲು ತೆಗೆದು ಬಾ ಅಂದ್ರೆ ಹೋಗ್ತೀನಿ. ಇಲ್ದಿದ್ರೆ ಇಲ್ಲ. ನೀನು ಒಂದು ಮಾತು ಹೇಳು. ನಿನ್ನ ಹೆಸರು ದೊಡ್ಡದೋ, ನಾನು ದೊಡ್ಡವಳೋ?"

ಕೆಂಪಸಿದ್ದಯ್ಯ ಶಾಲು ತೆಗೆದು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡ. ನನಗೆ ಅಯ್ಯೋ ಅನಿಸಿತು, ಸುಳ್ಳೇಕೆ. ಬೈದವನು ನಾನೇ ಒಳಗೆ ಹೋಗಿ ಮೂವರಿಗೂ ಕಾಫಿ ತಂದೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಜಾಲಿಕೆರೆಯ ಅರಳಿಕಟ್ಟೆಯಲ್ಲಿ ಎರಡೂ ಊರಿನವರು ಸೇರಿದರು. ಕಟ್ಟೆಯ ಒಂದು ಪಕ್ಕ ಗಂಡಸರು, ಇನ್ನೊಂದು ಪಕ್ಕ ಚಾಪೆ ಹಾಸಿಕೊಂಡು ಹೆಂಗಸರು. ತೂಬಿನಕೊಪ್ಪಲಿನ ಹಿರಿಯ ಲಿಂಗಯ್ಯ ಮಧ್ಯದಲ್ಲಿ ಕೂತಿದ್ದ. ಕೆಂಪಸಿದ್ದಯ್ಯನ ಹೆಂಡತಿ ಪುಟ್ಟಮಾದಮ್ಮ ಮೊಮ್ಮಗಳ ಪಕ್ಕ ಕೂತಿದ್ದಳು. ಮಹದೇವಯ್ಯನ ಅವ್ವ ಹೊಂಬಾಳಮ್ಮ, ಎಪ್ಪತ್ತರ ಮುದುಕಿ, ಎಲ್ಲರಿಗಿಂತ ಹಿಂದೆ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಪುಸ್ತಕ ಹಿಡಿದುಕೊಂಡು ಕಳ್ಳನ ಹಾಗೆ ಮರಕ್ಕೆ ಮರೆಯಾಗಿ ನಿಂತಿದ್ದೆ.

ಕೆಂಪಸಿದ್ದಯ್ಯ ಎದ್ದ. ಶಾಲು ತಂದಿರಲಿಲ್ಲ.

"ನೋಡ್ರಪ್ಪ, ಆ ಬಳೆ ಕತೆ ಸುಳ್ಳು. ನಾನೇ ಕಟ್ಟಿದ್ದು. ಮದ್ಲಗಿತ್ತೀನೂ ಇರ್ನಿಲ್ಲ, ಸಾಪಾನೂ ಇರ್ನಿಲ್ಲ. ತೆಪ್ಪಾಯ್ತು."

ಇಷ್ಟು ಹೇಳಿದರೆ ಗದ್ದಲವಾಗುತ್ತದೆ ಎಂದುಕೊಂಡಿದ್ದೆ. ಯಾರೂ ಅಲುಗಲಿಲ್ಲ. ಲಿಂಗಯ್ಯ ಎಲೆ ಅಡಿಕೆ ಉಗಿದು ಬಂದು, "ಏ ಸುಮ್ಕಿರ್ಲಾ," ಎಂದ. "ನಮ್ ತಾತ ನನ್ನ ತೊಡೆ ಮ್ಯಾಲೆ ಕೂರುಸ್ಕಂಡು ಏಳಿದ್ದ ಕಣ್ಲಾ ಈ ಕತೆಯ."

"ನಿಮ್ ತಾತ ಸತ್ತಿದ್ದು ಯಾವಾಗ್ಲಾ?"

"ನಾನು ಐದ್ನೇ ಕ್ಲಾಸಲ್ಲಿದ್ದಾಗ."

"ನಾನು ಕತೆ ಕಟ್ದಾಗ ನಿಂಗೆ ಮೀಸೆ ಬಂದಿತ್ತಲ್ಲೋ ಲಿಂಗ!"

ಲಿಂಗಯ್ಯ ಮೀಸೆ ಸವರಿಕೊಂಡ. "ಅಂಗಾದ್ರೆ ನಮ್ ತಾತನೇ ಮೊದ್ಲು ಏಳಿರದು. ನೀನು ಅವನತ್ರ ಕದ್ದಿದ್ದೀಯ," ಎಂದ. ಕಟ್ಟೆಯವರೆಲ್ಲ ಹೂಂ ಹೂಂ ಎಂದು ತಲೆಯಾಡಿಸಿದರು.

"ಲೋ, ನಿಮ್ಮಜ್ಜಿ ಯಾವೂರೋಳ್ಲಾ? ಜಾಲಿಕೆರೆಯೋಳೇ ತಾನೆ? ಸಾಪ ಇದ್ದಿದ್ರೆ ನಿಮ್ ತಾತ ಎಂಗ್ ತಂದ?"

"ತಂದದ್ಕೇ ಕಣ್ಲಾ ನಮ್ಮನೆ ಇವತ್ತಿಗೂ ಉದ್ಧಾರ ಆಗ್ನಿಲ್ಲ!" ಎಂದು ಲಿಂಗಯ್ಯ ಎದೆ ತಟ್ಟಿಕೊಂಡ. ಅವನ ಮನೆ ಮುಂದೆ ಎರಡು ಟ್ರ್ಯಾಕ್ಟರು ನಿಂತಿರುತ್ತವೆ. ಒಲೆ ಹತ್ತದ ಮನೆಯವನಿಗೆ ಹೊಟ್ಟೆ ಅಷ್ಟು ಮುಂದೆ ಹೇಗೆ ಬಂತೋ, ಅವನ ಅಜ್ಜಿಯನ್ನೇ ಕೇಳಬೇಕು.

ನಾನು ಮರದ ಮರೆಯಿಂದ ಬಂದು, ಪುಸ್ತಕ ಬರೆದವನು ನಾನು, ಎಂಬತ್ತೇಳನೇ ಪುಟ ತಪ್ಪು, ಅದನ್ನು ಹೊಡೆದುಹಾಕಿ ಎಂದೆ. ಮಹದೇವಯ್ಯ ಬಹಳ ಮರ್ಯಾದೆಯಿಂದ ಕೈಮುಗಿದ. "ಮೇಷ್ಟ್ರೇ, ಪ್ರಿಂಟ್ ಆಗಿರೋದ ಬಾಯಲ್ಲಿ ಅಳಿಸಕಾಯ್ತದಾ? ನೀವೇ ನಂಗೆ ಒಂಬತ್ನೇ ಕ್ಲಾಸಲ್ಲಿ ಏಳ್ಕೊಟ್ಟಿದ್ದು, ಬರೆದಿದ್ದು ಉಳೀತದೆ, ಆಡಿದ್ದು ಓಯ್ತದೆ ಅಂತ." ಇಂಥ ವಿಧೇಯ ಶಿಷ್ಯರನ್ನು ತಯಾರು ಮಾಡಿದ್ದಕ್ಕೆ ನಾನು ತಲೆ ಚಚ್ಚಿಕೊಳ್ಳಬೇಕಾಯಿತು.

ಆಮೇಲೆ ಮಹದೇವಯ್ಯ ಕೆಂಪಸಿದ್ದಯ್ಯನ ಕಡೆ ತಿರುಗಿದ. "ದೊಡ್ಡಪ್ಪ, ಮೊಮ್ಮಗಳ ಮ್ಯಾಲಿನ ಆಸೆಗೆ ಇಂಗಂತಿದ್ದೀಯ, ನಂಗೂ ಗೊತ್ತಾಯ್ತದೆ. ಸುಳ್ಳೇ ಅನ್ನೋದಾದ್ರೆ ಯಾಕೆ ಕಟ್ದೆ ಅದ ಏಳು. ಸುಮ್ ಸುಮ್ಕೆ ಯಾರಾದ್ರೂ ಎರಡೂರ್ಗೆ ಸಾಪ ಆಕ್ತಾರಾ?"

ಕೇಳಿದ್ದು ನ್ಯಾಯವಾಗಿಯೇ ಇತ್ತು. ಕೆಂಪಸಿದ್ದಯ್ಯನ ಬಲಗೈ ಮೇಲೆ ಹೋಯಿತು, ಹಿಡಿಯಲು ಏನೂ ಸಿಗದೆ ಕೆಳಗೆ ಬಂತು. ಅವನು ಹೆಂಗಸರ ಕಡೆ ಒಮ್ಮೆ ನೋಡಿದ. ನಾಗಶ್ರೀ ಅವನನ್ನೇ ದಿಟ್ಟಿಸುತ್ತಿದ್ದಳು. ಪುಟ್ಟಮಾದಮ್ಮ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಿದ್ದಳು.

"ಎಪ್ಪತ್ಮೂರ್ನೇ ಇಸ್ವಿ," ಎಂದ ಕೆಂಪಸಿದ್ದಯ್ಯ. ಬಸ್ಸಿನ ದನಿಯಲ್ಲ, ಯಾರದೋ ದನಿ. "ಈ ಊರಿಗೆ ನಾನು ಎಣ್ಣು ನೋಡಕ್ಕೆ ಬಂದಿದ್ದೆ. ಒಸ ಪ್ಯಾಂಟು ಒಲಿಸ್ಕಂಡು ಬಂದಿದ್ದೆ. ಆ ಎಣ್ಣು ನನ್ನ ಒಲ್ಲೆ ಅಂದ್ಬುಡ್ತು, ಸಂಜೆಗೇ ನನ್ ಕಿವಿಗ್ ಬಿತ್ತು."

ಕಟ್ಟೆಯ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಾರ್ನೇ ದಿನ ಬಸ್ನಲ್ಲಿ ಎಲ್ರೂ ಕೇಳೋರೇ. ಏನ್ ಕೆಂಪಸಿದ್ದ, ಜಾಲಿಕೆರೆ ಎಣ್ಣು ಏನಾಯ್ತು? ಒಪ್ಪುದ್ಯಾ? ಲಾಡು ಯಾವಾಗ? ಅರವತ್ ಜನದ ಮುಂದೆ ಎಂಗ್ ಏಳಲಿ, ಒಲ್ಲೆ ಅಂದ್ಳು ಅಂತ? ಅಯ್ಯೋ, ಆ ಊರ್ಗೂ ನಮ್ಮೂರ್ಗೂ ಕೊಟ್ಟು ತರಂಗಿಲ್ವಂತೆ ಕಣ್ರಪ್ಪ, ಇಂದಿಂದ ಬಂದಿರದು ಅಂದೆ. ಯಾಕೆ ಅಂದ್ರು. ಆಗ ತೂಬು ಎದುರಿಗೆ ಕಾಣ್ತಿತ್ತು. ಮುಂದ್ಲ ಸೀಟಲ್ಲಿ ಒಬ್ಳು ಬಳೆ ತೊಟ್ಕಂಡು ಕೂತಿದ್ಲು. ಅಷ್ಟೇ. ಸ್ಟಾಪು ಬರೋದ್ರೊಳಗೆ ಕತೆ ಆಗೋಗಿತ್ತು."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಆ ಮೀಸೆಗಾಗಿ ಎರಡು ಊರಿನ ಮದುವೆಗಳನ್ನು ಐವತ್ತೆರಡು ವರ್ಷ ನಿಲ್ಲಿಸಿದ ಜಟ್ಟಿಯನ್ನು ನಾನು ನೋಡಿದ್ದು ಅವತ್ತೇ.

ಆದರೂ ಲಿಂಗಯ್ಯ ನಂಬಲಿಲ್ಲ. "ಇದೂ ಒಂದ್ ಕತೆ ಕಟ್ತಾವ್ನೆ. ಎಣ್ಣು ಒಲ್ಲೆ ಅಂದ್ಲಂತೆ. ಯಾವೆಣ್ಲಾ? ಎಸರೇಳು ನೋಡನ."

"ಎಸರು ಬ್ಯಾಡ ಬುಡು," ಎಂದ ಕೆಂಪಸಿದ್ದಯ್ಯ. "ಈಗ ಅವ್ರು ದೊಡ್ಡೋರು, ಸಂಸಾರಸ್ತ್ರು."

"ನೋಡುದ್ರಾ? ಇದ್ರೆ ತಾನೆ ಏಳದು!"

"ನಾನೇ ಕಣ್ರಪ್ಪ," ಎಂದು ಹಿಂದಿನಿಂದ ಒಂದು ದನಿ ಬಂತು.

ಹೊಂಬಾಳಮ್ಮ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು ನಿಂತಳು. ಮಹದೇವಯ್ಯ, "ಅವ್ವಾ!" ಎಂದು ಕೂಗಿದ್ದು ಕೆರೆಯಾಚೆಗೆ ಕೇಳಿಸಿರಬೇಕು. ಅವನು ಮನೆಯಿಂದ ತಂದಿದ್ದ ನನ್ನ ಪುಸ್ತಕದ ಪ್ರತಿ ಕೈಯಿಂದ ಜಾರಿ ಧೂಳಿಗೆ ಬಿತ್ತು. ನಾನು ಎತ್ತಲು ಹೋಗಲಿಲ್ಲ.

"ಏನ್ ಅವ್ವಾ ಅಂತೀಯ? ಬಂದಿದ್ದ, ನೋಡ್ದೆ, ಒಲ್ಲೆ ಅಂದೆ. ಅದ್ರಲ್ಲೇನದೆ?" ಎಂದಳು ಹೊಂಬಾಳಮ್ಮ. "ಬಂದೋನು ಪಡಸಾಲೇಲಿ ಕೂತ್ಕಂಡು, ನಮ್ಮೂರ ಕೆರೆ ಯಾರು ಕಟ್ಸಿದ್ದು ಅಂತ ನಮ್ಮಪ್ಪನ್ಗೇ ಏಳ್ಕೊಟ್ಟ. ನಮ್ಮೂರ ಮಾರಮ್ಮ ಎಲ್ಲಿಂದ ಬಂದ್ಲು ಅಂತ ನಮ್ಮಜ್ಜಿಗೇ ಏಳ್ಕೊಟ್ಟ. ಉಪ್ಪಿಟ್ಟು ತಣ್ಣಗಾಯ್ತು, ಇವನ ಬಾಯಿ ತಣ್ಣಗಾಗ್ನಿಲ್ಲ. ನಾನು ತಲೆ ಬಗ್ಗುಸ್ಕಂಡು ಕಾಯ್ತಾ ನಿಂತಿದ್ದೆ, ನಿನ್ನ ಎಸರೇನಮ್ಮಿ ಅಂತ ಈಗ್ ಕೇಳ್ತನೆ, ಆಗ್ ಕೇಳ್ತನೆ ಅಂತ. ಕೇಳ್ನೇ ಇಲ್ಲ. ಎದ್ದು ಓದ. ಅಡುಗೆಮನೇಲಿ ನಮ್ಮವ್ವನ್ಗೆ ಏಳ್ದೆ, ಕೆರೆ ಎಸರು ಗೊತ್ತು, ಕಲ್ಲೆಸರು ಗೊತ್ತು, ನನ್ನೆಸರು ಬ್ಯಾಡವಂತೆ, ನಾನು ಒಲ್ಲೆ ಅಂತ."

ಹೆಂಗಸರ ಚಾಪೆಯಲ್ಲಿ ಯಾರೋ ಕಿಸಕ್ಕೆಂದರು. ಅದು ಒಬ್ಬರಿಂದೊಬ್ಬರಿಗೆ ಹತ್ತಿ ಗಂಡಸರ ಕಡೆಗೂ ಬಂತು. ಕೆಂಪಸಿದ್ದಯ್ಯ ತಲೆ ಎತ್ತಲಿಲ್ಲ.

"ಮತ್ತೆ ಈ ಸಾಪದ ಕತೆ ಸುಳ್ಳು ಅಂತ ಅವತ್ತೇ ಏಳ್ಬೌದಿತ್ತಲ್ಲವ್ವ?" ಎಂದ ಮಹದೇವಯ್ಯ.

"ನಾನ್ಯಾಕ್ ಏಳಲಿ? ನಂಗೆ ಅನ್ಕೂಲ ಆಯ್ತು! ನಿಮ್ ತಾತ ನನ್ ಮಾತು ಕೇಳ್ತಿದ್ನಾ? ಎಣ್ಮಗ ಒಲ್ಲೆ ಅಂದ್ರೆ ಅದೊಂದ್ ಮಾತಾ ಅಂತ, ಬಡ್ದು ಒಪ್ಪುಸ್ತೀನಿ, ಮುಂದ್ಲ ತಿಂಗಳೇ ಧಾರೆ ಅಂತ ಕೂತಿದ್ದ. ಅಷ್ಟ್ರಲ್ಲಿ ಬಸ್ನಲ್ಲಿ ಸಾಪ ಬಂತು. ಅಪ್ಪ ಎದುರ್ಕಂಡ. ನಾನು ಬೇಕು ಅಂದಿದ್ದ ನಮ್ಮ ಸೋದರಮಾವನ್ಗೇ ಕೊಟ್ಟ, ಇದೇ ಊರಲ್ಲಿ." ಹೊಂಬಾಳಮ್ಮ ಕೆಂಪಸಿದ್ದಯ್ಯನ ಕಡೆ ಬೆರಳು ತೋರಿಸಿದಳು. "ಇವ್ನು ಒಂದೇ ಒಂದ್ ತಿಂಗ್ಳು ಬಾಯ್ ಮುಚ್ಕಂಡಿದ್ದಿದ್ರೆ ನಂಗೂ ಇವ್ನಿಗೂ ಮದ್ವೆ ಆಗೋಗಿರದು. ಬಾಯೇ ನನ್ನ ಉಳಿಸ್ತು ಕಣ್ರಪ್ಪ."

ಆಮೇಲೆ ಕಟ್ಟೆಯನ್ನು ಹಿಡಿಯಲು ಯಾರಿಂದಲೂ ಆಗಲಿಲ್ಲ. ಲಿಂಗಯ್ಯ ನಕ್ಕು ನಕ್ಕು ಕೆಮ್ಮು ಬಂದು ನೀರು ಕೇಳಿದ. ಸಿದ್ದೇಶ್ ಮೊಬೈಲ್ ಅಡ್ಡ ಹಿಡಿದು ನಗುತ್ತಿದ್ದ. ನಾನೂ ನಕ್ಕೆ, ಮುಚ್ಚಿಡುವುದೇನು.

ನಗದೆ ಇದ್ದವಳು ನಾಗಶ್ರೀ. "ಅಜ್ಜಿ, ನಿಮಗೆ ಅನುಕೂಲ ಆಯ್ತು ಸರಿ," ಎಂದಳು. "ಆದ್ರೆ ಒಂದು ತಟ್ಟೆ ಉಪ್ಪಿಟ್ಟಿಗೋಸ್ಕರ ನೀವಿಬ್ರೂ ಐವತ್ತು ವರ್ಷ ಸುಮ್ನಿದ್ರಲ್ಲ, ಎರಡೂರಲ್ಲಿ ನನ್ನಂಗೆ ಎಷ್ಟು ಜನ ಅತ್ತು ಸುಮ್ಮನಾಗಿದ್ದಾರೋ, ಅವರಿಗೆ ಯಾರು ಹೇಳೋದು?"

ನಗು ನಿಂತಿತು. ಹೊಂಬಾಳಮ್ಮನ ಮುಖದಿಂದ ತಮಾಷೆ ಹೋಯಿತು. "ಅತ್ತವ್ರೆ ಕಣವ್ವ. ನಂಗೆ ಗೊತ್ತಿರಂಗೇ ಇಬ್ರು," ಎಂದಳು. "ಆಗ ಎದ್ದು ನಿಲ್ಲಕ್ಕೆ ನಾಚ್ಕೆ ಆಯ್ತು. ತೆಪ್ಪು ನಂದೂ ಅದೆ. ಅದ್ಕೇ ಇವತ್ತು ಎದ್ದೆ." ಅವಳು ಮಗನ ಕಡೆ ತಿರುಗಿ, "ಲೋ ಮಾದೇವ, ಬಾಯ್ ಬುಟ್ಕಂಡು ನಿಂತಿದ್ದೀಯಲ್ಲ, ಎಲೆ ಅಡ್ಕೆ ತರ್ಸು. ಒಲೆ ಅತ್ತಲಿಲ್ಲ ಅಂದ್ರೆ ನಾನೇ ಅತ್ತಿಸ್ತೀನಿ. ಈ ಮನೇಲಿ ಐವತ್ತು ವರ್ಸದಿಂದ ಅತ್ತಿಸ್ತಿರೋಳು ನಾನೇ ತಾನೆ," ಎಂದಳು.

ಅವ್ವನ ಮಾತಿಗೆ ಮಹದೇವಯ್ಯ ಎದುರಾಡಲಿಲ್ಲ. ಪುಸ್ತಕದಲ್ಲಿ ಇಲ್ಲ ಎಂದೂ ಹೇಳಲಿಲ್ಲ.

ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಬಂತು. ವೀಳ್ಯ ಬದಲಾಯಿಸುವ ಮುಂಚೆ ತಟ್ಟೆ ಜೋಡಿಸುವುದು ಹೆಣ್ಣಿನ ಮನೆಯ ಹಿರಿಯಳ ಕೆಲಸ. ಪುಟ್ಟಮಾದಮ್ಮ ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು ಒಂದೊಂದೇ ಎಲೆಯ ತೇವ ಒರೆಸಿ, ತೊಟ್ಟು ಮುರಿದು, ಜೋಡಿ ಮಾಡತೊಡಗಿದಳು. ಕೆಂಪಸಿದ್ದಯ್ಯ ಕಟ್ಟೆಯ ತುದಿಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಕಾಲೇಜಿನ ಹುಡುಗನೊಬ್ಬ ಅವನ ಕಡೆ ಮೊಬೈಲ್ ಹಿಡಿದು, "ತಾತ, ಬಂಡೂರು ಕುರಿ ಕತೆನೂ ಸುಳ್ಳಾ?" ಎಂದ. ಅವನು ಮತ್ತೆ ಕತ್ತು ಒರೆಸಿಕೊಂಡ. ಹೆಸರು ಹೋದದ್ದು ಅವನಿಗೆ ಗೊತ್ತಾಗಿತ್ತು. ಮೊಮ್ಮಗಳ ಮುಖ ನೋಡಿ ತಡೆದುಕೊಂಡಿದ್ದ.

ಲಿಂಗಯ್ಯನಿಗೆ ಅಷ್ಟಕ್ಕೇ ಬಿಡುವ ಮನಸ್ಸಿರಲಿಲ್ಲ. "ಏನ್ ಪುಟ್ಟಮಾದಕ್ಕ," ಎಂದು ಕೂಗಿದ. "ಅನ್ನೊಂದು ಎಣ್ಣ ಬ್ಯಾಡ ಅಂದು ಅನ್ನೆರಡ್ನೇದು ನಿನ್ನ ಒಪ್ಪುದ್ದು ಅಂತ ಊರೆಲ್ಲಾ ಏಳ್ಕಂಡ್ ತಿರುಗ್ತಿದ್ನಲ್ಲ ನಿನ್ ಗಂಡ. ಈಗೇನಂತೀಯ?"

"ಏನನ್ನದು," ಎಂದಳು ಪುಟ್ಟಮಾದಮ್ಮ, ಎಲೆಯಿಂದ ಕಣ್ಣು ತೆಗೆಯದೆ. "ನಾನೂ ಒಲ್ಲೆ ಅಂದಿದ್ದೆ. ನಮ್ಮೂರ್ಗೆ ಸಾಪ ಇರ್ನಿಲ್ಲ."

ಗಂಡಸರು ನಗಲು ಬಾಯಿ ತೆರೆದರು. ಹೆಂಗಸರ ಕಡೆಯಿಂದ ನಗು ಬರಲಿಲ್ಲ. ಅದನ್ನು ಕಂಡು ಇವರೂ ಬಾಯಿ ಮುಚ್ಚಿಕೊಂಡರು.

ಕೆಂಪಸಿದ್ದಯ್ಯ ಕಟ್ಟೆಯಿಂದ ಇಳಿದು ಎರಡು ಹೆಜ್ಜೆ ಬಂದ. "ಯಾವಾಗಮ್ಮಿ?" ಎಂದ.

"ನೀನು ನೋಡಕ್ ಬಂದ ದಿನಾನೇ. ಬಾವಿ ಅತ್ರ ನಿಂತ್ಕಂಡು ನಮ್ಮಪ್ಪನ್ಗೆ ಏಳಿದ್ದೆ."

"ಐವತ್ತೊಂದು ವರ್ಸ ಆಯ್ತು. ನಂಗ್ಯಾರೂ ಏಳ್ನೇ ಇಲ್ವಲ್ಲ."

"ನೀನ್ ಕೇಳ್ದ್ಯಾ?"

ಪುಟ್ಟಮಾದಮ್ಮ ಕೊನೆಯ ಎಲೆಯ ತೊಟ್ಟು ಮುರಿದು, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಾಗಶ್ರೀಯ ಕಡೆ ತಿರುಗಿದಳು.

"ನೀನು ಒಪ್ಪಿದ್ದೀಯೇನವ್ವ? ಎಲ್ಲಾರ್ಗೂ ಕೇಳಂಗೆ ಏಳು."

"ಒಪ್ಪಿದ್ದೀನಿ ಅಜ್ಜಿ," ಎಂದಳು ನಾಗಶ್ರೀ.

ಆಮೇಲೇ ಪುಟ್ಟಮಾದಮ್ಮ ತಟ್ಟೆಯನ್ನು ಮುಂದೆ ನೀಡಿದ್ದು.